ಪ್ಲಗ್ ಪಾಯಿಂಟ್: ಕಂದು ನೀರು, ಹಸಿರು ದೀಪ ಮತ್ತು ಅಮ್ಮನ ರೀಚಾರ್ಜ್

ಈ ತಿಂಗಳು ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ಜಾತಿಯವು. ಯಾರೋ ಬಂದು ಏನೋ ಮಾಡಿ ತೋರಿಸಿದರು, ಕಣ್ಣಾರೆ ಕಂಡೆವು, ನಂಬಬೇಕೋ ಬೇಡವೋ ಅಂತ. ಹಾಗಾಗಿ ಅಂಥವಕ್ಕೇ ಜಾಸ್ತಿ ಜಾಗ ಕೊಟ್ಟಿದ್ದೇನೆ. ಯಾವ ಟಿವಿ ತಗೊಳ್ಳಲಿ ಎಂದು ಕೇಳಿದವರು ಬೇಜಾರು ಮಾಡ್ಕೋಬೇಡಿ. ಸೋಫಾದಿಂದ ಗೋಡೆಗೆ ಎಷ್ಟು ಅಡಿ ಎಂದು ಬರೆದು ಕಳಿಸಿ, ಮುಂದಿನ ಸಲ ನೋಡೋಣ.

ಸರ್, ವಾಟರ್ ಫಿಲ್ಟರ್ ಮಾರುವವರು ಮನೆಗೆ ಬಂದಿದ್ದರು. ನಮ್ಮ ನಲ್ಲಿ ನೀರು ಒಂದು ಲೋಟ, ಅವರು ತಂದ ಆರ್‌ಓ ನೀರು ಒಂದು ಲೋಟ ಪಕ್ಕಪಕ್ಕ ಇಟ್ಟು, ನಾಲ್ಕು ಕಡ್ಡಿಗಳಿರುವ ಒಂದು ಯಂತ್ರ ಅದ್ದಿ ಕರೆಂಟು ಕೊಟ್ಟರು. ನೋಡನೋಡುತ್ತಾ ನಮ್ಮ ನೀರು ಕೆಸರಿನಂತೆ ಕಂದಾಯಿತು. ಅವರದ್ದು ತಿಳಿಯಾಗಿಯೇ ಇತ್ತು. ಅತ್ತೆ ಅವತ್ತಿನಿಂದ ನಲ್ಲಿ ನೀರು ಮುಟ್ಟುತ್ತಿಲ್ಲ. ಆರ್‌ಓ ಹಾಕಿಸಲೇಬೇಕಾ?
– ಗೃಹಿಣಿ, ಶಿವಮೊಗ್ಗ

ಆ ಕಂದು ಬಣ್ಣ ನಿಮ್ಮ ನೀರಿನದ್ದಲ್ಲ, ಅವರ ಕಡ್ಡಿಯದ್ದು. ಆ ಯಂತ್ರದಲ್ಲಿ ಒಂದು ಜೊತೆ ಕಡ್ಡಿ ಕಬ್ಬಿಣದ್ದು, ಇನ್ನೊಂದು ಜೊತೆ ಅಲ್ಯೂಮಿನಿಯಂನದ್ದು ಇರುತ್ತದೆ. ನಲ್ಲಿ ನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಹೀಗೆ ಅಷ್ಟಿಷ್ಟು ಲವಣ ಇದ್ದೇ ಇರುತ್ತದೆ, ಇರಬೇಕು ಕೂಡ. ಲವಣ ಇರುವ ನೀರಿನಲ್ಲಿ ಕರೆಂಟು ಹರಿಯುತ್ತದೆ. ಹರಿದಾಗ ಕಬ್ಬಿಣ ಕರಗಿ ತುಕ್ಕಾಗಿ ಲೋಟದಲ್ಲಿ ತೇಲುತ್ತದೆ. ಆರ್‌ಓ ನೀರಿನಲ್ಲಿ ಲವಣವನ್ನೆಲ್ಲ ತೆಗೆದಿರುತ್ತಾರಲ್ಲ, ಅಲ್ಲಿ ಕರೆಂಟು ಹರಿಯುವುದೇ ಇಲ್ಲ ಎನ್ನುವಷ್ಟು ಕಡಿಮೆ. ಅದಕ್ಕೇ ತಿಳಿ. ಯಂತ್ರ ಕೆಟ್ಟಿಲ್ಲ, ಕಣ್ಕಟ್ಟೂ ಅಲ್ಲ. ಅದು ತೋರಿಸಿದ್ದು ನೀರಿನಲ್ಲಿ ಲವಣ ಇದೆಯೋ ಇಲ್ಲವೋ ಎಂಬುದನ್ನು. ನೀವು ತಿಳಿಯಬೇಕಾಗಿದ್ದು ಕುಡಿಯಬಹುದೋ ಇಲ್ಲವೋ ಎಂಬುದನ್ನು. ಎರಡೂ ಬೇರೆ.

ಅವರು ಮತ್ತೆ ಬಂದರೆ ಒಳಗೆ ಕರೆಯಿರಿ, ಕಾಫಿ ಕೊಡಿ. ಅವರದೇ ಆರ್‌ಓ ನೀರಿನ ಲೋಟಕ್ಕೆ ಒಂದು ಚಿಟಿಕೆ ಉಪ್ಪು ಹಾಕಿ ಕಲಕಿ, ಈಗ ಕಡ್ಡಿ ಅದ್ದಿ ಅನ್ನಿ. ಅದೂ ಗಲೀಜಾಗುತ್ತದೆ. ಅತ್ತೆಯವರು ಎದುರಿಗೇ ಕೂತಿರಲಿ.

ಇನ್ನು ಟಿಡಿಎಸ್ ಮೀಟರ್ ವಿಷಯ. ಪೆನ್ನಿನಂಥ ಆ ಮೀಟರ್ ಹೇಳುವುದೂ ನೀರಿನಲ್ಲಿ ಕರಗಿದ ಲವಣದ ಲೆಕ್ಕ ಮಾತ್ರ. ಕುಡಿಯುವ ನೀರಿಗೆ ನಮ್ಮ ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ಮಾನದಂಡ ಲೀಟರಿಗೆ 500 ಮಿಲಿಗ್ರಾಂ. ಬೇರೆ ನೀರೇ ಸಿಗದ ಕಡೆ 2000ದವರೆಗೂ ಒಪ್ಪುತ್ತದೆ. ನಿಮ್ಮ ಪತ್ರದ ಕೊನೆಯಲ್ಲಿ 'ಮೀಟರ್ 85 ತೋರಿಸಿತು' ಎಂದು ಬರೆದಿದ್ದೀರಿ. ತುಂಗೆಯ ನೀರು ಕುಡಿಯುವ ಊರಿನಲ್ಲಿ ಕೂತು, 85 ತೋರಿಸಿದ ನೀರಿಗೆ ಆರ್‌ಓ ಹಾಕಿಸುವುದೇ? ಗಂಗಾ ಸ್ನಾನ, ತುಂಗಾ ಪಾನ ಎಂದವರಿಗೆ ಬೇಸರವಾದೀತು. ನದಿ ನೀರಿನಲ್ಲಿ ಭಯ ಇರುವುದು ರೋಗಾಣುಗಳದ್ದು, ಅದರಲ್ಲೂ ಮಳೆಗಾಲದಲ್ಲಿ. ಅದಕ್ಕೆ ಕುದಿಸಿ ಆರಿಸಿದರೆ ಸಾಕು. ಮಷಿನ್ನೇ ಬೇಕೆಂದರೆ ಯುವಿ, ಅಂದರೆ ರೋಗಾಣು ಕೊಲ್ಲುವ ನೇರಳಾತೀತ ದೀಪ ಇರುವುದು ತಗೊಳ್ಳಿ. ಆರ್‌ಓ ಒಂದು ಲೀಟರ್ ಕೊಡಲು ಸಾಮಾನ್ಯವಾಗಿ ಎರಡು ಮೂರು ಲೀಟರ್ ಪೈಪಿನಿಂದ ಹೊರಗೆ ಬಿಡುತ್ತದೆ, ಅದೂ ಲೆಕ್ಕದಲ್ಲಿರಲಿ.

ಇದನ್ನೇ ಪಾವಗಡದವರೋ ಮುಳಬಾಗಿಲಿನವರೋ ಕೇಳಿದ್ದರೆ ನನ್ನ ಉತ್ತರ ಬೇರೆ ಇರುತ್ತಿತ್ತು. ಅಲ್ಲಿ ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡ್ ಕಾಟ. ಅದು ಕುದಿಸಿದರೆ ಹೋಗುವುದಿಲ್ಲ, ಟಿಡಿಎಸ್ ಮೀಟರಿಗೆ ಕಾಣುವುದೂ ಇಲ್ಲ. ಬೋರ್‌ವೆಲ್ ನೀರು ಕುಡಿಯುವವರು ಬಾಟಲಿಯಲ್ಲಿ ತುಂಬಿಕೊಂಡು ಜಿಲ್ಲಾ ಕುಡಿಯುವ ನೀರಿನ ಪ್ರಯೋಗಾಲಯಕ್ಕೆ ಒಯ್ಯಿರಿ. ಮೊದಲು ರಿಪೋರ್ಟು, ಆಮೇಲೆ ಮಷಿನ್ನು.

ಬೇಸಿಗೆಯಲ್ಲಿ 207 ಯೂನಿಟ್ ಆಗಿ ಗೃಹಜ್ಯೋತಿ ಕೈತಪ್ಪಿ ಪೂರ್ತಿ ಬಿಲ್ ಕಟ್ಟಿದೆವು. ಪಕ್ಕದ ಬೀದಿಯವರು ಸಾಕೆಟ್ಟಿಗೆ ಸಿಕ್ಕಿಸುವ 'ಪವರ್ ಸೇವರ್' ತಂದಿದ್ದಾರೆ. ಅದನ್ನು ಹಾಕಿದ ಕೂಡಲೇ ಕರೆಂಟು ಕಡಿಮೆಯಾಗುವುದನ್ನು ಅಂಗಡಿಯವರು ಮೀಟರಿನಲ್ಲಿ ತೋರಿಸಿದರಂತೆ. ನಾವೂ ತರೋಣವೇ?
– ಟೈಲರ್, ದಾವಣಗೆರೆ

ಬೇಡ. ಇಂಥದ್ದನ್ನು ಬೆಂಚಿನ ಮೇಲೆ ಬಿಚ್ಚಿ ನೋಡಿದ್ದೇನೆ. ಒಳಗೆ ಬೆಂಕಿಪೊಟ್ಟಣದಷ್ಟು ದೊಡ್ಡ ಕಪ್ಪು ಕೆಪಾಸಿಟರ್ ಒಂದು, ಹಸಿರು ಎಲ್‌ಇಡಿ ಒಂದು, ಆ ಎಲ್‌ಇಡಿ ಉರಿಯಲು ಬೇಕಾದ ನಾಲ್ಕು ಚಿಲ್ಲರೆ ಬಿಡಿಭಾಗ. ಅಷ್ಟೇ.

ಹಾಗಾದರೆ ಅಂಗಡಿಯಲ್ಲಿ ಮೀಟರ್ ಇಳಿದದ್ದು ಸುಳ್ಳೇ? ಅಲ್ಲ. ಅವರು ಮೋಟರೋ ಹಳೇ ಚೋಕ್ ಟ್ಯೂಬ್‌ಲೈಟೋ ಓಡಿಸಿ, ವೈರಿಗೆ ಕ್ಲ್ಯಾಂಪ್ ಮೀಟರ್ ಹಾಕಿ ಆಂಪಿಯರ್ ತೋರಿಸಿರುತ್ತಾರೆ. ಮೋಟರ್ ತನ್ನ ಕಾಂತಕ್ಕಾಗಿ ಒಂದಿಷ್ಟು ಕರೆಂಟನ್ನು ಲೈನಿನಿಂದ ಎಳೆದು, ಮತ್ತೆ ಲೈನಿಗೇ ವಾಪಸು ಕೊಡುತ್ತಿರುತ್ತದೆ. ಕೆಪಾಸಿಟರ್ ಇದ್ದರೆ ಆ ಕೊಡು-ಕೊಳ್ಳುವಿಕೆ ಪಕ್ಕದಲ್ಲೇ ಮುಗಿಯುತ್ತದೆ, ಲೈನಿನಲ್ಲಿ ಆಂಪಿಯರ್ ಇಳಿಯುತ್ತದೆ. ಆದರೆ ಆ ಹೋಗಿಬರುವ ಕರೆಂಟಿಗೆ ನೀವು ಮೊದಲೂ ದುಡ್ಡು ಕೊಡುತ್ತಿರಲಿಲ್ಲ! ಮನೆಯ ಮೀಟರ್ ಎಣಿಸುವುದು ಯೂನಿಟ್, ಅಂದರೆ ನಿಜವಾಗಿ ಖರ್ಚಾದ ವಿದ್ಯುತ್ತು. ದೊಡ್ಡ ಕಾರ್ಖಾನೆಗಳಿಗೆ ಪವರ್ ಫ್ಯಾಕ್ಟರ್ (ಎಳೆದ ಕರೆಂಟಿನಲ್ಲಿ ನಿಜವಾಗಿ ಕೆಲಸಕ್ಕೆ ಬರುವ ಪಾಲು) ಇಳಿದರೆ ದಂಡ ಬೀಳುತ್ತದೆ. ಅವರು ಕೆಪಾಸಿಟರ್ ಬ್ಯಾಂಕ್ ಹಾಕಿಸುವುದು ಅದಕ್ಕೆ. ಆ ಕಾರ್ಖಾನೆಯ ಮಾತನ್ನೇ ನಿಮ್ಮ ಅಡುಗೆಮನೆಗೆ ಮಾರುತ್ತಿದ್ದಾರೆ.

ನಿಮ್ಮ ನಿಜವಾದ ತೊಂದರೆ ಆ ಏಳು ಯೂನಿಟ್. ಗೃಹಜ್ಯೋತಿಯ ಲೆಕ್ಕ ನಿಮಗೆ ಗೊತ್ತೇ ಇದೆ. 200ರ ಒಳಗಿದ್ದು ನಿಮ್ಮ ಅರ್ಹ ಯೂನಿಟ್ (ನಿಮ್ಮ ಮನೆಗೆ ಉಚಿತವಾಗಿ ಸಿಗುವ ಮಿತಿ) ಮೀರಿದರೆ ಮೀರಿದ್ದಕ್ಕಷ್ಟೇ ದುಡ್ಡು, 200 ದಾಟಿದರೆ ಪೂರ್ತಿ ಬಿಲ್. ಹಾಗಾಗಿ ಆ ಅಂಚಿನಲ್ಲಿ ಇರುವವರಿಗೆ ಏಳು ಯೂನಿಟ್ಟೂ ದೊಡ್ಡದೇ.

ತಲೆ ಎತ್ತಿ ಫ್ಯಾನ್ ನೋಡಿ. ಹಳೇ ಸೀಲಿಂಗ್ ಫ್ಯಾನ್ ಫುಲ್ ಸ್ಪೀಡಿನಲ್ಲಿ ಸುಮಾರು 75 ವ್ಯಾಟ್ ತಿನ್ನುತ್ತದೆ. ದಿನಕ್ಕೆ 15 ಗಂಟೆ ಓಡಿದರೆ 1.1 ಯೂನಿಟ್. ಬಿಎಲ್‌ಡಿಸಿ ಫ್ಯಾನಿಗೆ (ಕಡಿಮೆ ಕರೆಂಟು ತಿನ್ನುವ ಹೊಸ ಬಗೆಯ ಮೋಟರ್ ಇರುವುದು) 30 ವ್ಯಾಟ್ ಆಸುಪಾಸು, ಅಷ್ಟೇ ಹೊತ್ತಿಗೆ ಅರ್ಧ ಯೂನಿಟ್ಟೂ ಆಗದು. ಒಂದು ಫ್ಯಾನಿನಿಂದ ತಿಂಗಳಿಗೆ 20 ಯೂನಿಟ್ ಉಳಿತಾಯ. ಹೊಲಿಗೆ ಮಷಿನ್ ಮೇಲಿರುವ ಫ್ಯಾನ್ ಒಂದನ್ನು ಬದಲಿಸಿದರೆ ನಿಮ್ಮ ಕೆಲಸ ಆಯಿತು, ಎಲ್ಲವನ್ನೂ ಬದಲಿಸುವ ಅಗತ್ಯ ಇಲ್ಲ. ಬಟ್ಟೆಗೆ ಇಸ್ತ್ರಿ ಹೊಡೆಯುವುದನ್ನು ಒಟ್ಟಿಗೇ ಒಂದೇ ಸಲ ಮಾಡಿ. ಪ್ರತಿ ಸಲ ಬಿಸಿಯಾಗಲು ತಿನ್ನುವ ಕರೆಂಟು ಉಳಿಯುತ್ತದೆ.

ಒಂದು ಎಚ್ಚರಿಕೆ. ಬಿಎಲ್‌ಡಿಸಿ ಫ್ಯಾನಿನ ಒಳಗೆ ಸರ್ಕ್ಯೂಟ್ ಬೋರ್ಡ್ ಇದೆ. ವಾರಂಟಿ ಎಷ್ಟು ವರ್ಷ ಎಂದು ಎಲ್ಲರೂ ಕೇಳುತ್ತಾರೆ. ವಾರಂಟಿ ಮುಗಿದ ಮೇಲೆ ಬೋರ್ಡಿಗೆ ಎಷ್ಟು, ಊರಲ್ಲೇ ಸಿಗುತ್ತದಾ ಎಂದೂ ಕೇಳಿ. ನಮ್ಮ ಸಾಗರದ ಕಡೆ ಮುಂಗಾರಿನ ಮೊದಲ ಸಿಡಿಲಿಗೆ ಇಂಥ ಬೋರ್ಡುಗಳು ಸಾಲಾಗಿ ಅಂಗಡಿಗೆ ಬರುತ್ತವೆ. ಸಿಡಿಲು ಗುಡುಗು ಜೋರಾದಾಗ ಫ್ಯಾನಿನ ಸ್ವಿಚ್ಚೂ ಆಫ್ ಇರಲಿ, ಬರೀ ರಿಮೋಟಿನಲ್ಲಿ ನಿಲ್ಲಿಸಿದರೆ ಸಾಲದು.

20,000 ಎಂಎಎಚ್ ಪವರ್ ಬ್ಯಾಂಕ್ ತಂದೆ. ನನ್ನ ಫೋನಿನ ಬ್ಯಾಟರಿ 5,000. ನಾಲ್ಕು ಸಲ ಚಾರ್ಜ್ ಆಗಬೇಕಲ್ವಾ? ಎರಡೂವರೆ ಸಲಕ್ಕೇ ಖಾಲಿ. ಮೋಸ ಹೋದೆನಾ? ಮುಂದಿನ ತಿಂಗಳು ದುಬೈಗೆ ವಾಪಸು ಹೋಗುವಾಗ ಒಯ್ಯಬಹುದಾ?
– ಕುಂದಾಪುರದ ಓದುಗರು

ಮೋಸ ಹೋಗಿಲ್ಲ, ಒಳ್ಳೇ ಮಾಲೇ ಸಿಕ್ಕಿದೆ. 20,000 ಎಂಬುದು ಒಳಗಿನ ಸೆಲ್ಲಿನ ಲೆಕ್ಕ, ಅದು 3.7 ವೋಲ್ಟಿನಲ್ಲಿ. ಗುಣಿಸಿ ಸಾವಿರದಿಂದ ಭಾಗಿಸಿದರೆ 74 ವ್ಯಾಟ್ ಅವರ್. ಹೊರಗೆ ಕೊಡುವುದು 5 ವೋಲ್ಟಿನಲ್ಲಿ, ಅಲ್ಲಿಗೆ 14,800 ಎಂಎಎಚ್ ಆಯಿತು. ವೋಲ್ಟ್ ಏರಿಸುವಾಗ ಒಂದಿಷ್ಟು ಬಿಸಿಯಾಗಿ ಹೋಗುತ್ತದೆ, ಫೋನು ತುಂಬಿಕೊಳ್ಳುವಾಗ ಇನ್ನೊಂದಿಷ್ಟು. ಹಿಂಭಾಗದಲ್ಲಿ ಇರುವೆ ಅಕ್ಷರದಲ್ಲಿ 'ರೇಟೆಡ್ ಕೆಪಾಸಿಟಿ' ಎಂದು ಇನ್ನೊಂದು ನಂಬರ್ ಇದೆ. ಅದೇ ನಿಮಗೆ ಸಿಗುವುದು.

ಮೋಸ ಇರುವುದು ಜಾತ್ರೆಯಲ್ಲಿ ಮಾರುವ '50,000' ಬ್ಯಾಂಕುಗಳಲ್ಲಿ. ಅಷ್ಟು ನಿಜವಾಗಿ ತುಂಬಬೇಕಾದರೆ ಒಳಗೆ ಇಪ್ಪತ್ತರಷ್ಟು ಸಿಲಿಂಡರ್ ಸೆಲ್ ಬೇಕು. ಒಂದೊಂದೂ ಸುಮಾರು 45 ಗ್ರಾಂ. ಸೆಲ್ಲೇ ಮುಕ್ಕಾಲು ಕೆಜಿ ದಾಟುತ್ತದೆ. ಅಂಗೈಯಲ್ಲಿ ಹಗುರವಾಗಿ ಕೂತರೆ ಅಲ್ಲೇ ವಾಪಸು ಕೊಡಿ. ಭಾರ ಇದ್ದರೂ ನಂಬಬೇಡಿ ಮಾರಾಯ್ರೆ, ಸಣ್ಣ ಪೊಟ್ಟಣದಲ್ಲಿ ಮರಳು ತುಂಬಿಟ್ಟಿದ್ದನ್ನೂ ನೋಡಿದ್ದೇನೆ.

ವಿಮಾನಕ್ಕೆ 100 ವ್ಯಾಟ್ ಅವರ್‌ವರೆಗೆ ಒಪ್ಪುತ್ತಾರೆ, ನಿಮ್ಮದು 74. ಕೈಚೀಲದಲ್ಲೇ ಇರಬೇಕು, ಚೆಕ್-ಇನ್ ಲಗೇಜಿಗೆ ಹಾಕುವ ಹಾಗಿಲ್ಲ. ಎಮಿರೇಟ್ಸ್‌ನಲ್ಲಿ ಹೋಗುವುದಾದರೆ 2025ರ ಅಕ್ಟೋಬರ್ 1ರಿಂದ ಒಬ್ಬರಿಗೆ ಒಂದೇ, ಅದನ್ನೂ ವಿಮಾನದೊಳಗೆ ಬಳಸುವಂತಿಲ್ಲ. ಫೋನ್ ವಿಮಾನ ಹತ್ತುವ ಮೊದಲೇ ತುಂಬಿಸಿಕೊಳ್ಳಿ.

ಊರಿನಲ್ಲಿ ಅಮ್ಮನ ಹತ್ತಿರ ಕೀಪ್ಯಾಡ್ ಫೋನ್. ಇಂಟರ್ನೆಟ್ ಬಳಸುವುದೇ ಇಲ್ಲ. ಆದರೂ ದಿನಕ್ಕೆ ಒಂದೂವರೆ ಜಿಬಿ ಪ್ಯಾಕ್ ಹಾಕಿಸಬೇಕು. ಬೇರೆ ದಾರಿ ಇದೆಯಾ?
– ಬೆಂಗಳೂರಿನಲ್ಲಿರುವ ಮಗ, ಊರು ಸಿಂದಗಿ

ಇದೆ, ಆದರೆ ಅಂಗಡಿಯವರು ತಾವಾಗಿ ಹೇಳುವುದಿಲ್ಲ. ಬರೀ ಕರೆ ಮತ್ತು ಎಸ್ಸೆಮ್ಮೆಸ್ ಇರುವ ಪ್ಯಾಕ್ ಒಂದಾದರೂ ಇರಲೇಬೇಕು ಎಂದು ಟ್ರಾಯ್ (ಫೋನ್ ಕಂಪನಿಗಳ ಮೇಲಿನ ನಿಯಂತ್ರಣ ಪ್ರಾಧಿಕಾರ) 2024ರ ಡಿಸೆಂಬರಿನಲ್ಲಿ ಕಂಪನಿಗಳಿಗೆ ನಿಯಮ ಮಾಡಿತು. ಮರು ತಿಂಗಳೇ ಅಂಥ ಪ್ಯಾಕ್ ಬಂದವು. ಆ್ಯಪಿನಲ್ಲಿ ಮೊದಲ ಪುಟದಲ್ಲಿ ಕಾಣುವುದಿಲ್ಲ, ಕೆಳಗೆ ಕೆಳಗೆ ಹೋಗಬೇಕು. 'ವಾಯ್ಸ್ ಓನ್ಲಿ' ಅಥವಾ 'ವ್ಯಾಲ್ಯೂ' ಎಂಬ ಹೆಸರಿನಡಿ ಹುಡುಕಿ.

ಭಾರಿ ಉಳಿತಾಯ ಎಂದುಕೊಳ್ಳಬೇಡಿ. ಡೇಟಾ ತೆಗೆದ ಮಾತ್ರಕ್ಕೆ ಬೆಲೆ ಅರ್ಧ ಆಗಿಲ್ಲ. ನನಗೆ ಇದರಲ್ಲಿ ಹಿಡಿಸಿದ್ದು ಅವಧಿ. ವರ್ಷದ ಹತ್ತಿರ ಬರುವ ಪ್ಯಾಕ್ ನೀವೇ ಬೆಂಗಳೂರಿನಿಂದ ಹಾಕಿಬಿಡಿ. ತಿಂಗಳು ಮುಗಿಯಿತು, ಫೋನ್ ಹೋಗ್ತಿಲ್ಲ ಅಂತ ಅಮ್ಮ ಪಕ್ಕದ ಮನೆಯವರ ಫೋನಿನಿಂದ ಹೇಳಿ ಕಳಿಸುವುದು ತಪ್ಪುತ್ತದೆ.

ಇಂಜಿನಿಯರಿಂಗ್ ಮೊದಲ ವರ್ಷ. ಲ್ಯಾಪ್‌ಟಾಪ್ ಬೆಲೆ ಏರುತ್ತಿದೆ, ಕಾದರೆ ಇಳಿಯುತ್ತದಾ? ಅಪ್ಪ 'ಎಐ ಲ್ಯಾಪ್‌ಟಾಪೇ ಬೇಕಾ' ಎಂದು ಕೇಳುತ್ತಿದ್ದಾರೆ.
– ವಿದ್ಯಾರ್ಥಿನಿ, ಧಾರವಾಡ

ಬೆಲೆ ಏರಿಸುತ್ತಿರುವುದು ಮುಖ್ಯವಾಗಿ ಮೆಮೊರಿ, ಅಂದರೆ ರ‍್ಯಾಮ್. ಜಗತ್ತಿನ ರ‍್ಯಾಮ್ ಚಿಪ್ ಬಹುಪಾಲು ಮಾಡುವವರು ಮೂರೇ ಕಂಪನಿ: ಸ್ಯಾಮ್‌ಸಂಗ್, ಎಸ್‌ಕೆ ಹೈನಿಕ್ಸ್, ಮೈಕ್ರಾನ್. ಮೂವರಿಗೂ ಈಗ ಎಐ ಡೇಟಾ ಸೆಂಟರುಗಳೇ ದೊಡ್ಡ ಗಿರಾಕಿ. ಮೈಕ್ರಾನ್ ಅಂತೂ ನಮ್ಮಂಥವರು ಬಿಡಿಯಾಗಿ ಕೊಳ್ಳುತ್ತಿದ್ದ 'ಕ್ರೂಷಿಯಲ್' ವ್ಯಾಪಾರವನ್ನೇ ಮುಚ್ಚುವುದಾಗಿ 2025ರ ಡಿಸೆಂಬರಿನಲ್ಲಿ ಹೇಳಿತು. ಹೊಸ ಚಿಪ್ ಕಾರ್ಖಾನೆ ಎದ್ದು ನಿಲ್ಲಲು ವರ್ಷಗಳೇ ಬೇಕು. ಓದಿಗೆ ಈಗಲೇ ಬೇಕಾದರೆ ಕಾಯಬೇಡಮ್ಮಾ, ತಗೋ. 16 ಜಿಬಿ ಕೈಗೆಟುಕದಿದ್ದರೆ 8 ಜಿಬಿಯದ್ದೇ ಇರಲಿ, ಆದರೆ ಇನ್ನೊಂದು ರ‍್ಯಾಮ್ ಹಾಕಲು ಖಾಲಿ ಸ್ಲಾಟ್ ಇದೆಯಾ ಎಂದು ಕೇಳಿ ತಗೋ. ತೆಳ್ಳನೆಯ ಎಷ್ಟೋ ಮಾಡೆಲುಗಳಲ್ಲಿ ರ‍್ಯಾಮ್ ಬೋರ್ಡಿಗೇ ಬೆಸೆದಿರುತ್ತದೆ, ಆಮೇಲೆ ಏನೂ ಮಾಡಲಾಗದು.

ಅಪ್ಪನಿಗೆ ಹೇಳು: ಚಾಟ್‌ಜಿಪಿಟಿಯಂಥವು ನಡೆಯುವುದು ಅವನ್ನು ಮಾಡಿದ ಕಂಪನಿಗಳ ಕಂಪ್ಯೂಟರಿನಲ್ಲಿ, ನಮ್ಮದರಲ್ಲಿ ಅಲ್ಲ. ಬ್ರೌಸರ್ ತೆರೆಯುವ ಯಾವ ಲ್ಯಾಪ್‌ಟಾಪಾದರೂ ಆದೀತು. ಎಐ ಸ್ಟಿಕರಿಗೆ ಜಾಸ್ತಿ ಕೊಡುವ ದುಡ್ಡನ್ನು ರ‍್ಯಾಮಿಗೆ ಹಾಕಿ. ಸೆಕೆಂಡ್ ಹ್ಯಾಂಡ್ ನೋಡುವುದಾದರೆ ವಿಂಡೋಸ್ 11 ಓಡುವುದೇ ಇರಲಿ. ವಿಂಡೋಸ್ 10ಕ್ಕೆ ಮಾಮೂಲಿ ಅಪ್‌ಡೇಟ್ 2025ರ ಅಕ್ಟೋಬರ್ 14ಕ್ಕೆ ನಿಂತಿತು.

ನೀರಿಗೆ ಬಿದ್ದ ಫೋನನ್ನು ಅಕ್ಕಿ ಡಬ್ಬದಲ್ಲಿ ಇಡಬಹುದೇ?
– ಹಾಸನ

ಬೇಡ. ಅಕ್ಕಿಯ ಪುಡಿ ಚಾರ್ಜಿಂಗ್ ಕಿಂಡಿಗೆ ಹೋಗುತ್ತದೆ. ಆ್ಯಪಲ್ ಕಂಪನಿ ಕೂಡ ಇದನ್ನು ಮಾಡಬೇಡಿ ಎಂದೇ ಹೇಳುತ್ತದೆ. ಆಫ್ ಮಾಡಿ, ಕಿಂಡಿ ಕೆಳಗೆ ಮಾಡಿ ನಿಧಾನಕ್ಕೆ ತಟ್ಟಿ, ಗಾಳಿಗೆ ಇಡಿ. ಒಣಗುವ ತನಕ ಚಾರ್ಜಿಗೆ ಹಾಕಬೇಡಿ.

ಆನ್‌ಲೈನಿನಲ್ಲಿ ತರಿಸಿದ ಮಿಕ್ಸಿಯ ಜಾರ್ ಬಿರುಕು ಬಿಟ್ಟಿತ್ತು. ಅದೇ ದಿನ ದೂರು ಕೊಟ್ಟೆ. ಚಾಟಿನಲ್ಲಿ ಯಂತ್ರವೇ ಉತ್ತರ ಕೊಡುತ್ತಾ ಇತ್ತು. ಈಗ 'ರಿಟರ್ನ್ ಅವಧಿ ಮುಗಿದಿದೆ' ಅನ್ನುತ್ತಿದ್ದಾರೆ. 3,200 ರೂಪಾಯಿಗೆ ಕೋರ್ಟು ಮೆಟ್ಟಿಲು ಹತ್ತಲೇ?
– ನಿವೃತ್ತ ಶಿಕ್ಷಕರು, ಗದಗ

ಮೇಷ್ಟ್ರೇ, ಮೊದಲು 1915ಕ್ಕೆ ಫೋನ್ ಮಾಡಿ. ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ, ಕನ್ನಡದಲ್ಲೇ ಮಾತಾಡಬಹುದು, ಖರ್ಚಿಲ್ಲ. ಅದು ಕೋರ್ಟಲ್ಲ, ಕಂಪನಿಗೆ ನಿಮ್ಮ ದೂರು ದಾಟಿಸಿ ಉತ್ತರ ಕೇಳುತ್ತಾರೆ. ಎಷ್ಟೋ ಸಲ ಅಷ್ಟಕ್ಕೇ ದುಡ್ಡು ವಾಪಸು ಬರುತ್ತದೆ.

ಬರದಿದ್ದರೆ ಜಿಲ್ಲಾ ಗ್ರಾಹಕ ಆಯೋಗ ಇದೆ. 2019ರ ಕಾಯ್ದೆ ಬಂದ ಮೇಲೆ ನೀವು ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಕಂಪನಿ ಗುರುಗ್ರಾಮದಲ್ಲಿರಲಿ, ಎಲ್ಲೇ ಇರಲಿ, ಗದಗಿಗೆ ಉತ್ತರ ಕೊಡಬೇಕು. ವಸ್ತುವಿಗೆ ಕೊಟ್ಟ ದುಡ್ಡು 5 ಲಕ್ಷದ ಒಳಗಿದ್ದರೆ ಶುಲ್ಕ ಇಲ್ಲ. ವಕೀಲರು ಬೇಕೇಬೇಕು ಎಂದೂ ಇಲ್ಲ. ತೊಂದರೆಯಾದ ಎರಡು ವರ್ಷದೊಳಗೆ ಕೊಟ್ಟರಾಯಿತು. ಇ-ಜಾಗೃತಿ ಪೋರ್ಟಲ್ಲಿನಲ್ಲಿ ಮನೆಯಿಂದಲೇ ಸಲ್ಲಿಸಬಹುದು.

ಬಿಲ್ಲು, ಬಿರುಕಿನ ಫೋಟೋ, ಡಬ್ಬದ ಮೇಲಿನ ವಿಳಾಸದ ಚೀಟಿ ಜೋಪಾನ. ಚಾಟಿನ ಸ್ಕ್ರೀನ್‌ಶಾಟ್ ಇವತ್ತೇ ತೆಗೆದಿಟ್ಟುಕೊಳ್ಳಿ, ತಾರೀಕು ಕಾಣುವ ಹಾಗೆ. ಮೊದಲ ದಿನವೇ ದೂರು ಕೊಟ್ಟಿದ್ದೀರಿ ಎಂಬುದಕ್ಕೆ ಅದೇ ಸಾಕ್ಷಿ.