ಗೋಲ್ಮ್‌ಗೆ ಹೊರಟ ತಮ್ಮನಿಗೆ

ತಮ್ಮಾ,

ನಿನ್ನ ಪತ್ರ ಎರಡು ಸಲ ಓದಿದೆ. ಧಾರವಾಡದಲ್ಲಿ ಭೌತಶಾಸ್ತ್ರ ಎಂ.ಎಸ್ಸಿ. ಮುಗಿಸಿದ್ದೀಯ, ಜರ್ಮನಿಯ ಪಾಟ್ಸ್‌ಡಾಮ್ ನಗರದ ಗೋಲ್ಮ್‌ನಲ್ಲಿ ಕಪ್ಪುಕುಳಿಗಳ (ಬ್ಲ್ಯಾಕ್ ಹೋಲ್) ಸಿದ್ಧಾಂತದ ಮೇಲೆ ಪಿಎಚ್.ಡಿ.ಗೆ ಕರೆ ಬಂದಿದೆ. ನಿನ್ನ ಹೆಂಡತಿ ಓದಿದ್ದು ಕನ್ನಡ ಎಂ.ಎ. ನಿನ್ನ ಗೆಳೆಯರೆಲ್ಲ "ಥಿಯರಿ ಬಿಡು, ಸೆನ್ಸರ್, ಅಳತೆಯ ಉಪಕರಣಗಳ ಕಡೆ ಹೋಗು, ಅಲ್ಲಾದರೂ ಕೆಲಸ ಸಿಗುತ್ತೆ" ಅನ್ನುತ್ತಿದ್ದಾರೆ. ಏನು ಮಾಡಲಿ ಅಕ್ಕಾ, ಅಲ್ಲಿ ನಾವಿಬ್ಬರೂ ಬಾಳಬಹುದಾ ಅಂತ ಕೇಳಿದ್ದೀಯ. ಕೊನೆಗೆ ಇನ್ನೊಂದು: ಅವಳು ಕಿಟ್ಟೆಲ್ ನಿಘಂಟಿನ ನಾಲ್ಕೂ ಸಂಪುಟ ಸೂಟ್‌ಕೇಸಿಗೆ ತುಂಬುತ್ತಿದ್ದಾಳೆ, ಬೇಡ ಅನ್ನಲಾ ಅಂತ.

ನಾನು ದಾವಣಗೆರೆಯವಳು. ಹನೋವರ್‌ಗೆ ಬಂದು ಹದಿನೇಳು ವರ್ಷವಾಯಿತು. ಕೆಲಸ ಸೆನ್ಸರ್‌ಗಳದ್ದು. ನಮ್ಮನೆಯವರು ಓದಿದ್ದು ಕನ್ನಡ ಸಾಹಿತ್ಯ. ಥಿಯರಿಯವರಂತೂ ವಾರಕ್ಕೊಮ್ಮೆ ನಮ್ಮನೆಗೆ ಚಿತ್ರಾನ್ನಕ್ಕೆ ಬರುತ್ತಾರೆ. ಹಾಗಾಗಿ ಮೂರೂ ಪಂಗಡದ ಕಷ್ಟಸುಖ ಅಷ್ಟಿಷ್ಟು ಗೊತ್ತು.

ಮೊದಲು ಥಿಯರಿ. ಗೆಳೆಯರ ಮಾತಿಗೆ ವಿಷಯ ಬದಲಿಸಬೇಡ. ಬೆಂಗಳೂರಿನ ಭೌತವಿಜ್ಞಾನಿ ಸಿ.ವಿ. ವಿಶ್ವೇಶ್ವರ ಅವರ ಹೆಸರು ನಿನಗೆ ಹೊಸದಲ್ಲ. ಅಮೆರಿಕದಲ್ಲಿದ್ದಾಗ, 1970ರಲ್ಲಿ, ಲೆಕ್ಕದ ಮೇಲೆಯೇ ಕಪ್ಪುಕುಳಿಯ ಮೇಲೊಂದು ಅಲೆ ಬಿಟ್ಟು ನೋಡಿದರು. ಬಡಿದ ಗಂಟೆ ಹೇಗೆ ತನ್ನದೇ ಸ್ವರದಲ್ಲಿ ಮೊಳಗಿ ಆಮೇಲೆ ಅಡಗುತ್ತದೋ ಹಾಗೆ ಕಪ್ಪುಕುಳಿಯೂ ಮೊಳಗಿ ಅಡಗುತ್ತದೆ ಅಂತ ಅವರಿಗೆ ಕಂಡಿತು. ಕೇಳಿಸಿಕೊಳ್ಳಬಲ್ಲ ಕಿವಿ ಆಗ ಭೂಮಿಯ ಮೇಲೆ ಎಲ್ಲೂ ಇರಲಿಲ್ಲ. 2015ರ ಸೆಪ್ಟೆಂಬರ್ 14ರಂದು ಅಂಥ ಕಿವಿಗಳೇ ಆದ ಅಮೆರಿಕದ ಲೈಗೋ ಉಪಕರಣಗಳಿಗೆ, ಎರಡು ಕಪ್ಪುಕುಳಿ ಡಿಕ್ಕಿ ಹೊಡೆದು ಎದ್ದ ಗುರುತ್ವದ ಅಲೆ ತಾಗಿತಲ್ಲ, ಅದನ್ನು ಮೊದಲು ಗಮನಿಸಿದ್ದು ಇದೇ ಹನೋವರ್‌ನಲ್ಲಿ ಕಂಪ್ಯೂಟರ್ ಮುಂದೆ ಕೂತಿದ್ದ ಇಟಲಿಯ ಒಬ್ಬ ಪೋಸ್ಟ್‌ಡಾಕ್, ಅಂದರೆ ಪಿಎಚ್.ಡಿ. ಮುಗಿಸಿದ ತಾತ್ಕಾಲಿಕ ಸಂಶೋಧಕ. ಇಲ್ಲಿ ಮಧ್ಯಾಹ್ನ ಹನ್ನೆರಡಕ್ಕೆ ಇನ್ನೂ ಹತ್ತು ನಿಮಿಷವಿತ್ತು, ಅಮೆರಿಕ ನಿದ್ದೆಯಲ್ಲಿತ್ತು. ಯಾರೋ ಪರೀಕ್ಷೆಗೆಂದು ಬೇಕಂತಲೇ ಸೇರಿಸಿದ ಸುಳ್ಳು ಸಂಕೇತ ಇರಬೇಕು ಅಂದುಕೊಂಡನಂತೆ ಪಾಪ. ವಿಶ್ವೇಶ್ವರ ತೀರಿಕೊಂಡಿದ್ದು 2017ರ ಜನವರಿಯಲ್ಲಿ. ಅಷ್ಟರಲ್ಲಿ ಆ ಸುದ್ದಿ ಕೇಳಿದ್ದರು ಅನ್ನೋದೇ ನನಗೆ ಸಮಾಧಾನ.

ಸೆನ್ಸರ್ ಅಂದರೆ ಸುಲಭದ ದಾರಿ ಅಂತಾನೂ ತಿಳಿಯಬೇಡ. ಹನೋವರ್ ದಕ್ಷಿಣಕ್ಕೆ ರೂಥೆ ಅಂತ ಒಂದು ಊರಿದೆ. ಅಲ್ಲಿ ಹೊಲಗಳ ನಡುವೆ 600 ಮೀಟರ್ ಉದ್ದದ ಎರಡು ಕೊಳವೆಗಳಿವೆ, ಗುರುತ್ವದ ಅಲೆ ಹಿಡಿಯುವ ಉಪಕರಣ, ಜಿಯೋ600 ಅಂತ. ಹೊರಗಿನಿಂದ ನೋಡಿದರೆ ಯಾರೋ ನೀರಾವರಿ ಪೈಪು ಹಾಕಿ ಮರೆತಂತಿದೆ. ಲೇಸರ್ ಬೆಳಕು ಒಂದೊಂದೇ ಕಣವಾಗಿ ಬಂದು ಬೀಳುವಾಗ ತಗಡಿನ ಮಾಡಿನ ಮೇಲೆ ಮಳೆ ಹೊಯ್ದ ಹಾಗೆ ಅಳತೆಯಲ್ಲಿ ಸದ್ದು ಸೇರುತ್ತದೆ. ಆ ಸದ್ದಿನೊಳಗೆ ಪ್ರೋಟಾನಿಗಿಂತ ಸಾವಿರಾರು ಪಟ್ಟು ಚಿಕ್ಕ ಅಲುಗಾಟವನ್ನು ಹುಡುಕಬೇಕು. ಆ ಮಳೆಯ ಸದ್ದನ್ನೇ ತಗ್ಗಿಸುವ "ಹಿಂಡಿದ ಬೆಳಕು" ಅನ್ನೋ ತಂತ್ರ 2010ರಿಂದ ಅಲ್ಲಿ ಬಳಕೆಯಲ್ಲಿದೆ. ಇಂಥ ಕೆಲಸದಲ್ಲಿ ಪಳಗಿದವರನ್ನು ಕಂಪನಿಗಳು ಕರೆಯುತ್ತವೆ ಅನ್ನೋದು ನಿಜ. ಆದರೆ ಆಸೆ ಇಲ್ಲದೆ ಬಂದವನು ಮೂರನೇ ಚಳಿಗಾಲಕ್ಕೆ ನಿರ್ವಾತದ ಪಂಪು ಒರೆಸುತ್ತಾ ಅಳುತ್ತಾನೆ, ನಾನೇ ಕಂಡಿದ್ದೀನಿ.

ಈಗ ನೀನು ಕೇಳದೇ ಇದ್ದ ವಿಚಾರ. ಇಲ್ಲಿನ ಬದುಕನ್ನು ತೀರ್ಮಾನ ಮಾಡೋದು ವಿಷಯವಲ್ಲ, ಕರಾರು ಪತ್ರ. "ಎಷ್ಟು ವರ್ಷ? ಎಷ್ಟು ಶೇಕಡಾ? ಕೆಲಸದ ಕರಾರೋ, ಸ್ಟೈಪೆಂಡೋ?" ಈ ಮೂರನ್ನು ಬರಹದಲ್ಲಿ ಕೇಳು, ನಾಚಿಕೊಳ್ಳಬೇಡ. ಪಿಎಚ್.ಡಿ. ಹುದ್ದೆಗಳ ಸಂಬಳದ ದರ್ಜೆ ಸಾಮಾನ್ಯವಾಗಿ ಇ-13. ಎಂಜಿನಿಯರಿಂಗ್‌ನವರಿಗೆ ಎಷ್ಟೋ ಸಲ ಪೂರ್ತಿ ಕೊಡುತ್ತಾರೆ, ಭೌತಶಾಸ್ತ್ರಕ್ಕೆ ಮೂರರಲ್ಲಿ ಎರಡು ಪಾಲೋ ಮುಕ್ಕಾಲೋ, ಸಾಹಿತ್ಯದವರಿಗೆ ಹಲವೆಡೆ ಅರ್ಧ. ಅರ್ಧ ಹುದ್ದೆ ಅಂದರೆ ಸಂಬಳ ಅರ್ಧ, ಕೆಲಸ ಇಡಿಯದೇ. ಸ್ಟೈಪೆಂಡ್ ಆದರೆ ಆರೋಗ್ಯ ವಿಮೆ ಕೈಯಿಂದ ಕಟ್ಟಬೇಕು, ಪಿಂಚಣಿಗೆ ಏನೂ ಜಮೆ ಆಗೋದಿಲ್ಲ. ಕರಾರು ಇದ್ದರೆ, ಎರಡು ವರ್ಷ ದುಡಿದ ಮೇಲೆ ಕೆಲಸ ಹೋದರೂ ಒಂದು ವರ್ಷ ನಿರುದ್ಯೋಗ ಭತ್ಯೆ ಬರುತ್ತದೆ. ನನ್ನನ್ನು ಉಳಿಸಿದ್ದೇ ಅದು. ಬೇರೊಂದು ಊರಿನಲ್ಲಿದ್ದಾಗ ಆರಾರು ತಿಂಗಳಿಗೆ ನವೀಕರಣ ಮಾಡುತ್ತಿದ್ದರು. ಒಂದು ಬೇಸಿಗೆ, ಕರಾರು ಮುಗಿಯಲು ಮೂರು ವಾರ ಇರುವಾಗ "ದುಡ್ಡು ಬಂದಿಲ್ಲ" ಅಂದರು. ಮಗಳಿಗಾಗ ಎಂಟು ತಿಂಗಳು.

ಪಿಎಚ್.ಡಿ. ಆದಮೇಲೂ ಇದು ತಪ್ಪಿದ್ದಲ್ಲ. 2007ರ ಕಾನೂನಿನ ಪ್ರಕಾರ ಪದವಿಗೆ ಮೊದಲು 6 ವರ್ಷ, ಆಮೇಲೆ 6 ವರ್ಷ ತಾತ್ಕಾಲಿಕವಾಗಿ ಇಟ್ಟುಕೊಳ್ಳಬಹುದು, ಮಗುವಿದ್ದರೆ ಒಂದೊಂದಕ್ಕೂ 2 ವರ್ಷ ಹೆಚ್ಚು. ಅಷ್ಟರೊಳಗೆ ಕಾಯಂ ಆಗದಿದ್ದರೆ ಹೊರಗಿನ ಯೋಜನೆಯ ದುಡ್ಡೇ ಗತಿ. ಸರ್ಕಾರದ ಒಂದು ವಿಡಿಯೋದಲ್ಲಿ ಹನ್ನಾ ಅನ್ನೋ ಕಲ್ಪಿತ ಸಂಶೋಧಕಿಯನ್ನು ತೋರಿಸಿ, ಹುದ್ದೆಗಳಲ್ಲಿ ಜನ ಬದಲಾಗುತ್ತಿದ್ದರೆ ವ್ಯವಸ್ಥೆ ಕಟ್ಟಿಕೊಂಡು ನಿಲ್ಲೋದಿಲ್ಲ ಅಂತ ವಿವರಿಸಿದ್ದರು. ಚರಂಡಿಯೇನೋ ಅನ್ನೋ ಹಾಗೆ! 2021ರಲ್ಲಿ ಸಾವಿರಾರು ಸಂಶೋಧಕರು "ನಾನೂ ಹನ್ನಾ" ಅಂತ ತಂತಮ್ಮ ಕರಾರುಗಳ ಲೆಕ್ಕ ಹೇಳಿಕೊಂಡರು. ನಾನೂ ಎಣಿಸಿದೆ. ಹನ್ನೊಂದಿದ್ದವು. ಥಿಯರಿಯವನಾದ ನಿನಗೆ ಇದರ ಬಿಸಿ ಹೆಚ್ಚು ತಟ್ಟುತ್ತೆ: ಎರಡೆರಡು ವರ್ಷಕ್ಕೆ ದೇಶ ಬದಲಿಸೋದು ನಿಮ್ಮ ಪಂಗಡದ ರೂಢಿ.

ಇನ್ನು ನಿನ್ನ ಹೆಂಡತಿ. "ಅವಳ ಓದಿಗೆ ಅಲ್ಲಿ ಬೆಲೆ ಇಲ್ಲ ಅಲ್ವಾ" ಅಂತ ಬರೆದಿದ್ದೀಯ. ಆ ಸಾಲು ಅವಳು ನೋಡಿಲ್ಲ ಅಂದುಕೊಳ್ಳುತ್ತೀನಿ.

ನಮ್ಮನೆಯವರು ಬಂದ ಹೊಸದರಲ್ಲಿ ಗೋದಾಮಿನಲ್ಲಿ ರಾತ್ರಿಪಾಳಿ ಪಾರ್ಸೆಲ್ ಬೇರ್ಪಡಿಸುತ್ತಿದ್ದರು. ಪ್ರಯೋಗಾಲಯದಲ್ಲಿ ಎಲ್ಲರೂ ಇಂಗ್ಲಿಷ್ ಮಾತಾಡುತ್ತಿದ್ದರಿಂದ ನನ್ನ ಜರ್ಮನ್ ನಾಲ್ಕು ವರ್ಷವಾದರೂ ಬೇಕರಿಯ ಗಾಜಿನ ಪೆಟ್ಟಿಗೆ ದಾಟಲಿಲ್ಲ. ಅವರು ವ್ಯಾಕರಣ ಹಿಡಿದು ಕೂತರು. ಮಾತನ್ನು ಬಿಡಿಸಿ ನೋಡುವ ಚಾಳಿ ಸಾಹಿತ್ಯದವರಿಗೆ ಇರುತ್ತಲ್ಲ, ಅದು ಕೈಹಿಡಿಯಿತು. ಮನೆ ಹುಡುಕಿದ್ದು, ವೀಸಾ ಕಚೇರಿಯವರೊಂದಿಗೆ ವಾದಿಸಿದ್ದು, ಮಗಳ ಶಾಲೆಯ ಸಭೆಯಲ್ಲಿ ಎದ್ದು ನಿಂತಿದ್ದು ಎಲ್ಲ ಅವರೇ. ಈಗ ಒಂದು ಗ್ರಂಥಾಲಯದಲ್ಲಿ ಅರ್ಧ ಹುದ್ದೆ. ಕಾಯಂ. ನನಗಿಂತ ಮೂರು ವರ್ಷ ಮೊದಲೇ ಕಾಯಂ ಆದರು, ಈಗಲೂ ಆಡಿಕೊಳ್ಳುತ್ತಾರೆ.

ಓದು ಮುಂದುವರಿಸಬೇಕು ಅಂದರೆ ಅವಳು ವ್ಯೂರ್ಟ್ಸ್‌ಬುರ್ಗ್ ವಿಶ್ವವಿದ್ಯಾಲಯದ ಭಾರತ ಅಧ್ಯಯನದವರಿಗೆ ಬರೆಯಲಿ. ಅಲ್ಲಿ ಕನ್ನಡ ಕಲಿಸುತ್ತಾ ಬಂದಿದ್ದಾರೆ, ತುಳುವಿನ ಮೇಲೂ ಕೆಲಸ ನಡೆದಿದೆ. ಕಿಟ್ಟೆಲ್‌ಗೆ ಗೌರವ ಡಾಕ್ಟರೇಟ್ ಕೊಟ್ಟ ಟ್ಯೂಬಿಂಗೆನ್ ಕೂಡ ಇದೆ, ಅವರು ತೀರಿಕೊಂಡಿದ್ದೂ ಅದೇ ಊರಿನಲ್ಲಿ, 1903ರಲ್ಲಿ. ಹುಟ್ಟೂರು ರೆಸ್ಟರ್‌ಹಾಫೆ ಮಾತ್ರ ನಮ್ಮ ಇದೇ ರಾಜ್ಯದ್ದು, ಉತ್ತರ ಸಮುದ್ರದ ಹತ್ತಿರ. ಒಂದು ಭಾನುವಾರ ಹೋಗಿದ್ದೆವು. ಗಾಳಿಯೋ ಗಾಳಿ, ಸುತ್ತಲೂ ಹಸು. ಇಲ್ಲಿಂದ ಹೊರಟವನು 1894ರ ಹೊತ್ತಿಗೆ ಸುಮಾರು 70,000 ಕನ್ನಡ ಪದ ಜೋಡಿಸಿಟ್ಟ ಅಂತ ನಮ್ಮನೆಯವರು ಅಲ್ಲೇ ನಿಂತು ಮಗಳಿಗೆ ಹೇಳಿದರು. ಅವಳು ಚಳಿ ಅಂದಳು.

ಚಿಲ್ಲರೆ ವಿಷಯ ಬೇಗ ಹೇಳಿಬಿಡುತ್ತೀನಿ. ಮನೆ ಸಿಕ್ಕ ಎರಡು ವಾರದೊಳಗೆ ನಗರ ಕಚೇರಿಯಲ್ಲಿ ವಿಳಾಸ ನೋಂದಾಯಿಸು. ಅದಿಲ್ಲದೆ ಮುಂದಿನ ಎಷ್ಟೋ ಕೆಲಸ ನಿಲ್ಲುತ್ತೆ. ಜಾಹೀರಾತಿನಲ್ಲಿ "ತಣ್ಣನೆ ಬಾಡಿಗೆ" ಅಂದರೆ ಹೀಟರ್, ನೀರಿನ ಖರ್ಚು ಬೇರೆ. "ಅಡುಗೆಮನೆ ಇಲ್ಲ" ಅಂದರೆ ನಿಜವಾಗಿಯೂ ಇಲ್ಲ, ಬರೀ ಗೋಡೆ ಮತ್ತು ನಲ್ಲಿಯ ಪೈಪು. ಭಾನುವಾರ ಅಂಗಡಿ ಮುಚ್ಚಿರುತ್ತೆ, ಶನಿವಾರವೇ ಮೊಸರು ತಂದಿಡು.

ನಿಘಂಟು ಹೊರಬೇಡಿ. ನಾಲ್ಕೂ ಸಂಪುಟ ನಮ್ಮ ಕಪಾಟಿನಲ್ಲಿವೆ, ಬಂದು ಒಯ್ಯಲಿ. ನಮ್ಮನೆಯವರು ಒಂದೊಂದಾಗಿಯೇ ಕೊಡೋದು, ಸಹಿ ಹಾಕಿಸಿಕೊಂಡು. ಆ ಜಾಗಕ್ಕೆ ಐದು ಲೀಟರ್ ಕುಕ್ಕರಿನ ಗ್ಯಾಸ್ಕೆಟ್ ಎರಡು ತನ್ನಿ. ಒಂದು ನಮಗೆ.