ಮಗು ಗಿಡ ಮುಟ್ಟಲು ಹಿಂಜರಿಯುತ್ತೆ ಅಂತ ಕಣಗಿಲೆ ಕುಂಡ ಒಳಗೇ ಇಡಬಹುದಾ?

ಹದಿನಾಲ್ಕು ತಿಂಗಳ ಮಗು ಗಿಡದ ಹತ್ತಿರ ಹೋಗಿ ಕೈ ಹಿಂದಕ್ಕೆ ತೆಗೆದುಕೊಳ್ಳುತ್ತೆ, ಹಾಗಾಗಿ ಕಣಗಿಲೆ ಕುಂಡ ಒಳಗಿದ್ದರೆ ಪರವಾಗಿಲ್ಲವಾ ಅಂತ ಕೇಳಿದ್ದೀರಿ. ದಯವಿಟ್ಟು ಇವತ್ತೇ ತೆಗೆದುಬಿಡಿ.

ನೀವು ಗಮನಿಸಿದ್ದು ನಿಜವೇ. ಮನಃಶಾಸ್ತ್ರ ಸಂಶೋಧಕರಾದ ಆನಿ ವರ್ಟ್ಜ್ ಮತ್ತು ಕ್ಯಾರನ್ ವಿನ್ 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 8ರಿಂದ 18 ತಿಂಗಳ ಮಕ್ಕಳು ಬೇರೆ ವಸ್ತುಗಳಿಗಿಂತ ಗಿಡ ಮುಟ್ಟಲು ಹೆಚ್ಚು ಹೊತ್ತು ತೆಗೆದುಕೊಂಡರು. ಪ್ಲಾಸ್ಟಿಕ್ ಗಿಡಕ್ಕೂ ಹಾಗೇ. ಅಂದರೆ ಮಗು ವಿಷವನ್ನು ಗುರುತಿಸುತ್ತಿಲ್ಲ, ಎಲೆ-ಕಾಂಡದ ರೂಪ ಕಂಡರೆ ಹಿಂಜರಿಯುತ್ತೆ, ಅಷ್ಟೇ. ಆ ಹಿಂಜರಿಕೆ ಕೆಲವು ಸೆಕೆಂಡಿನದು. ಆಮೇಲೆ ಮುಟ್ಟುತ್ತೆ. ದೊಡ್ಡವರು ಗಿಡದಿಂದ ಏನಾದರೂ ಕಿತ್ತು ಬಾಯಿಗೆ ಹಾಕಿಕೊಂಡರೆ ಅದು ತಿನ್ನುವಂಥದ್ದು ಅಂತ ಬೇಗ ಕಲಿಯುತ್ತೆ ಕೂಡ, ಹಾಗಾಗಿ ಮಗುವಿನ ಎದುರು ಹಾಗೆ ಮಾಡಬೇಡಿ.

ಕಣಗಿಲೆಯ ಎಲೆ, ಹೂ, ಕಾಂಡ ಎಲ್ಲವೂ ಹೃದಯದ ಬಡಿತ ಕೆಡಿಸುವ ವಿಷ. ಒಣಗಿದ ಎಲೆಯಲ್ಲೂ ಅದು ಉಳಿಯುತ್ತೆ, ಆದ್ದರಿಂದ ಕುಂಡವನ್ನು ಎತ್ತರದಲ್ಲಿಟ್ಟರೂ ಉದುರಿದ್ದು ನೆಲಕ್ಕೇ ಬರುತ್ತೆ. ಡಿಫನ್‌ಬೇಕಿಯಾ (ಬಿಳಿ ಮಚ್ಚೆಯ ಅಗಲ ಎಲೆಯ ಅಲಂಕಾರದ ಗಿಡ) ಇದ್ದರೆ ಅದನ್ನೂ ತೆಗೆಯಿರಿ, ಅಗಿದರೆ ಬಾಯಿ, ನಾಲಿಗೆ ಉರಿದು ಊದಿಕೊಳ್ಳುತ್ತವೆ.

ಬಾಯಿಗೆ ಹಾಕಿಬಿಟ್ಟರೆ ಉಳಿದ ಚೂರನ್ನು ಬೆರಳಿನಿಂದ ತೆಗೆದು, ಒದ್ದೆ ಬಟ್ಟೆಯಲ್ಲಿ ಬಾಯಿ ಒರೆಸಿ. ವಾಂತಿ ಮಾಡಿಸಬೇಡಿ. ಕಣಗಿಲೆಯಾದರೆ ಲಕ್ಷಣ ಕಾಣುವವರೆಗೆ ಕಾಯದೆ, ಗಿಡದ ಒಂದು ರೆಂಬೆಯನ್ನು ಚೀಲದಲ್ಲಿ ಹಾಕಿಕೊಂಡು ನೇರ ಆಸ್ಪತ್ರೆಗೆ ಹೋಗಿ.