ಪ್ರತಿ: ಮಡಿಕೇರಿಯ ಕೈತೋಟಕ್ಕೆ ಬಂಬಲ್‌ಬೀ ಬರಲು ಯಾವ ಗಿಡ ನೆಡಲಿ?

ಬಂಬಲ್‌ಬೀ (ಮೈತುಂಬ ರೋಮವಿರುವ ದಪ್ಪ ಜೇನಿನ ಜಾತಿ) ಎಂದು ನೀವು ಹೇಳುವ ದಪ್ಪ ಕಪ್ಪು ಹುಳ ಬಹುಶಃ ಅದಲ್ಲ, ಬಂಬಲ್‌ಬೀಗಳು ನಮ್ಮ ದೇಶದಲ್ಲಿ ಹಿಮಾಲಯದ ಕಡೆಯವು. ಹೊಟ್ಟೆಯ ಮೇಲೆ ರೋಮವಿಲ್ಲದೆ ನುಣ್ಣಗೆ ಹೊಳೆಯುತ್ತಿದ್ದರೆ ಅದು ಮರ ಕೊರೆಯುವ ದುಂಬಿ (ಕಾರ್ಪೆಂಟರ್ ಬೀ).

ಈ ದುಂಬಿಗಾಗಿ ಮೊದಲು ಬಿಸಿಲು ಬೀಳುವ ಬೇಲಿಗೆ ಪ್ಯಾಶನ್ ಫ್ರೂಟ್ ಹಬ್ಬಿಸಿ. ಆ ಹೂವಿನ ಪರಾಗ ದುಂಬಿಯ ಅಗಲ ಬೆನ್ನಿಗೇ ಮೆತ್ತುತ್ತದೆ. ಸಣ್ಣ ತುಡುವೆ ಜೇನು ಪರಾಗ ಕದ್ದು ಹೋಗುವುದೇ ಹೆಚ್ಚು. ಹಳದಿ ತಳಿಯಾದರೆ ಬೀಜದಿಂದ ಬೆಳೆಸಿದ ಎರಡು ಬಳ್ಳಿಯಾದರೂ ಬೇಕು, ಒಂಟಿ ಬಳ್ಳಿ ಕಾಯಿ ಕಟ್ಟದು. ಮಧ್ಯಾಹ್ನ ಅರಳುವ ಹೂವಿಗೆ ಔಷಧಿ ಸಿಂಪಡಿಸಲೇಬೇಡಿ.

ಮುಂಗಾರು ಶುರುವಾದಾಗ 3 ಅಡಿಯ ಗ್ಲಿರಿಸಿಡಿಯಾ (ಗೊಬ್ಬರದ ಗಿಡ) ಗೂಟ ನೆಡಿ, ಬೇಸಿಗೆಯ ಹೂವಿಗೆ. ಮಳೆ ಮುಗಿದ ಮೇಲಿನ ತಿಂಗಳುಗಳಿಗೆ ತೊಗರಿ. ಸುರುಳಿ ಎಸಳಿನ ದಟ್ಟ ಚೆಂಡುಹೂವಿನಲ್ಲಿ ಮಕರಂದ ಕಡಿಮೆ, ಬೇಡ.

ಗೂಡಿಗೆ ಒಣ ಬಿದಿರಿನ ತುಂಡುಗಳನ್ನು ಮಳೆ ತಾಗದಂತೆ ಸೂರಿನಡಿ ಅಡ್ಡಲಾಗಿ ಕಟ್ಟಿ.